ರೋಹಿಣಿ ಡೀಲಕ್ಸ್ ಇಟ್ಟುಕೊಂಡವರು ನೆಕ್ ಬಿಚ್ಚಿ ನೋಡಿ

ಇಲ್ಲ... ನಾನು ನಂಬುವುದಿಲ್ಲ.

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು.
ಕತ್ರಿಗುಪ್ಪೆಯ ಗಿಟಾರ್ ರಿಪೇರಿ ನಂಜುಂಡ ಇನ್ನಿಲ್ಲವಂತೆ.
ಹಾರ್ಟ್ ಅಟ್ಯಾಕ್... ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದೇ ಹೋಯಿತಂತೆ.
"ಯಾವ ನಂಜುಂಡ?" ಎಂದು ಕೇಳಿದೆ.
ನನಗೆ ಗೊತ್ತಿರುವುದು ಒಬ್ಬನೇ ನಂಜುಂಡ. ಆದರೂ ಕೇಳಿದೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹಿಟ್ಟಿನ ಗಿರಣಿಯ ಪಕ್ಕ ಒಂದು ಶಟರ್ ಅಂಗಡಿ. ಗಿಟಾರ್‌ಗಳ ಮೇಲೆಲ್ಲ ರಾಗಿ ಹಿಟ್ಟು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಕೂತಿರುತ್ತಿದ್ದ ಆಸಾಮಿಯೇ ನಂಜ.
ಒಂದೇ ಆರ್ಕೆಸ್ಟ್ರಾದಲ್ಲಿ, ಗಣೇಶನ ಪೆಂಡಾಲ್‌ಗಳಲ್ಲಿ, ವರ್ಷಗಟ್ಟಲೆ ಜೊತೆಗೆ ನುಡಿಸಿದವರು ನಾವು.

ಅವನಿಗಿದ್ದದ್ದು ಒಂದೇ ಹುಚ್ಚು... ರೋಹಿಣಿ ಡೀಲಕ್ಸ್.
ಕಲಿಯುವವರಿಗೆ ದುಬಾರಿ, ಸ್ಟುಡಿಯೋದವರಿಗೆ ಅಗ್ಗ. ಅಂಥ ನಡುವಿನ ರೇಟಿನ, ಒಳಗೆ ಪೊಳ್ಳಿಲ್ಲದ ಸಾಲಿಡ್ ಬಾಡಿ ಎಲೆಕ್ಟ್ರಿಕ್ ಗಿಟಾರ್. ಒಂದು ಕಾಲಕ್ಕೆ ಜಯನಗರದಿಂದ ಬಿಟಿಎಂವರೆಗೆ ಆರ್ಕೆಸ್ಟ್ರಾದವರ ಹೆಗಲ ಮೇಲೆಲ್ಲ ಅದೇ.
ಕಂಪನಿ ಮುಚ್ಚಿತು. ಅದರ ಕಾಗದಪತ್ರವೆಲ್ಲ ಗುಜರಿಗೆ ಹೋಯಿತು.
ಆ ಗಿಟಾರ್‌ನ ಚರಿತ್ರೆ ಉಳಿದದ್ದು ನಂಜನ ತಲೆಯೊಳಗೆ ಮಾತ್ರ.

ಮೊದಮೊದಲಿನವು ಹಲಸಿನ ಮರದವು.
"ಒಂದ್ ಪ್ರೋಗ್ರಾಂ ಮುಗಿಯೋಷ್ಟ್ರಲ್ಲಿ ಹೆಗ್ಲು ಬಿದ್ದೋಗೋದು ಮಗಾ... ಆದ್ರೆ ಸೌಂಡು? ಸಖತ್!"
ಆಮೇಲೆ ಹಗುರವಾಗಲಿ ಎಂದು ಸಿಲ್ವರ್ ಓಕ್.
ಜೋರಾಗಿ ನುಡಿಸಿದರೆ ಕೈ ತಗುಲುತ್ತದೆ ಎಂದು, ತಂತಿಯ ದನಿ ಹಿಡಿಯುವ ಪಿಕಪ್‌ನ ಸ್ವಿಚ್ ಕೆಳಗೆ ಬಂತು. ಅಲುಗಾಡುತ್ತದೆ ಎಂದು ನೆಕ್‌ಗೆ, ಅಂದರೆ ತಂತಿ ಒತ್ತುವ ಉದ್ದನೆಯ ಕತ್ತಿಗೆ, ಮೂರು ಸ್ಕ್ರೂ ಇದ್ದದ್ದು ನಾಲ್ಕಾಯಿತು.
ಕೊನೆಕೊನೆಗೆ ಮರದ ಪುಡಿ ಒತ್ತಿದ ಹಲಗೆ, ಮೇಲೆ ದಪ್ಪ ಪೇಂಟು.
"ಅಲ್ಲಿಗ್ ಕಥೆ ಮುಗೀತು" ಎನ್ನುವಾಗ ಅವನ ಮುಖ ನೋಡಬೇಕಿತ್ತು...

ಬರೆದಿಡು ಎಂದು ನಾನು ಎಷ್ಟು ಸಲ ಹೇಳಿಲ್ಲ!
ಫೋನಲ್ಲಿ ರೆಕಾರ್ಡ್ ಮಾಡುತ್ತೇನೆ, ನೀನು ಬರೀ ಮಾತಾಡು ಎಂದೆ. ಟೀ ತರಿಸಿ ಮಾತು ಮರೆಸುತ್ತಿದ್ದ.

ಎರಡು ತಿಂಗಳ ಹಿಂದೆ ನನ್ನ ರೋಹಿಣಿ ಡೀಲಕ್ಸ್ ಗಿಟಾರ್ ಸರ್ವಿಸ್ ಮಾಡಿ ಕೊಟ್ಟ. ಅವತ್ತೂ ಕೇಳಿದೆ.
"ಬರ್ದಿದೀನಿ ಮಗಾ."
"ಎಲ್ಲಿ? ತೋರ್ಸು."
"ನಿನ್ ಹತ್ರಾನೇ ಇದೆ."
ನಗುತ್ತಿದ್ದ. ನನಗೆ ಪಿತ್ತ ನೆತ್ತಿಗೇರಿತು.
"ಸುಳ್ಳ ಕಣೋ ನೀನು. ನೀನ್ ಸತ್ರೆ ಎಲ್ಲಾ ನಿನ್ ಜೊತೇಲೇ ಹೋಗುತ್ತೆ" ಎಂದುಬಿಟ್ಟೆ.
ಹೌದು, ನಾನೇ ಅಂದದ್ದು...
ಆಮೇಲೆ ಫೋನ್ ಮಾಡಲಿಲ್ಲ. ಸಿಟ್ಟಿಗೆ ಆ ಗಿಟಾರನ್ನೂ ಆನ್‌ಲೈನಲ್ಲಿ ಮಾರಾಟಕ್ಕೆ ಹಾಕಿದೆ. ಜೆ.ಪಿ. ನಗರದವರೊಬ್ಬರು ಇವತ್ತು ಸಂಜೆ ತೆಗೆದುಕೊಂಡು ಹೋಗುವವರಿದ್ದರು.

ನಂಜ...
ನಿನ್ನ ಮೇಲೆ ಎಷ್ಟು ಕೋಪ ಬರುತ್ತಿದೆ ಗೊತ್ತಾ?
ಹತ್ತು ಜನ ಕೂತ ಕಡೆ ಸ್ಕ್ರೂ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದೆಯಲ್ಲ ಮಾರಾಯ...
ನನಗೆ ಇನ್ನೊಂದೇ ಒಂದು ಮಾತು ಬಿಡಿಸಿ ಹೇಳಲು ಏನು ಧಾಡಿ?
ನಾನಾದರೂ ನಿಂತು ಕೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿಕೊಂಡು ಹೊರಟೆ.

ಇವತ್ತು ನಿನ್ನ ಮನೆಗೆ ಹೋಗಿದ್ದೆ.
ನಿನ್ನ ಹೆಂಡತಿ ಸವಿತಾ ನನ್ನನ್ನು ನೋಡಿದ ಕೂಡಲೇ ಅಳುತ್ತಾ, "ಬರಿ ಬರಿ ಅಂತಿದ್ರಲ್ಲ ಅಣ್ಣ... ಮನೆ ಸಾಮಾನಿನ್ ಚೀಟೀನೂ ಬರೀತಿರ್ಲಿಲ್ಲ ಇವ್ರು. ಗಿಟಾರ್ ಬಿಚ್ದಾಗ ಒಳಗಡೆ ಏನೋ ಗೀಚೋರು, ಅಷ್ಟೇ" ಎಂದಳು.

ಗಿಟಾರ್ ಒಳಗಡೆ!

ಕುಮಾರಸ್ವಾಮಿ ಲೇಔಟ್‌ನ ನಮ್ಮ ಮನೆವರೆಗೆ ಗಾಡಿ ಹೇಗೆ ಓಡಿಸಿದೆನೋ ಗೊತ್ತಿಲ್ಲ.
ಮೂರು ಸ್ಕ್ರೂ ಬಿಚ್ಚಿದೆ. ನೆಕ್ ಎತ್ತಿದೆ.
ಅದು ಕೂರುವ ಗುಳಿಯಲ್ಲಿ, ಬರೀ ಮರದ ಮೇಲೆ, ಪೆನ್ಸಿಲ್‌ನಲ್ಲಿ, ಇರುವೆ ಸಾಲಿನಂಥ ಅಕ್ಷರ...

"ಹಲಸು. ಮೊದಲ ಕಾಲದ್ದು. ಪಿಕಪ್ ತಂತಿ ಕೈಯಲ್ಲೇ ಸುತ್ತಿದ್ದು. ಸ್ವಿಚ್ ಹಳೇ ಜಾಗ. ಮುಂದಿನ ಕಥೆ ಬಿಳೇಕಹಳ್ಳಿ ಜೋಸೆಫ್ ಗಿಟಾರಲ್ಲಿ."

ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ತಕ್ಷಣ ಜೋಸೆಫ್‌ಗೆ ಫೋನ್ ಮಾಡಿದೆ. ನಮ್ಮ ಜೊತೆಯೇ ನುಡಿಸುತ್ತಿದ್ದವನು.
"ಅಯ್ಯೋ ಗುರು... ಹೋದ್ ವರ್ಷ ಬೇರೆ ಕಡೆ ನೆಕ್ ಚೇಂಜ್ ಮಾಡಿಸ್ದೆ. ಹೊಸದು ಸರಿಯಾಗ್ ಕೂರ್ಲಿ ಅಂತ ಒಳಗೆಲ್ಲ ಉಪ್ಪು ಕಾಗದ ಹಾಕಿ ಉಜ್ಜಿಬಿಟ್ರು. ಏನೋ ಗೀಚಿದಂಗಿತ್ತು... ಕೊಳೆ ಅಂದ್ಕೊಂಡೆ."
ಫೋನ್ ಇಟ್ಟೆ.

ಒಂದು ಅಧ್ಯಾಯ ಹೋಯಿತು. ಸಿಲ್ವರ್ ಓಕ್ ಯಾವಾಗ ಬಂತು, ಯಾರು ತಂದರು... ಅದೆಲ್ಲ ಅಲ್ಲಿತ್ತೋ ಏನೋ. ಅದರ ಮುಂದಿನದು ಯಾರ ಹತ್ತಿರ ಇದೆ ಎಂಬುದೂ ಅದರ ಜೊತೆಯೇ ಹೋಯಿತು.

ಆದ್ದರಿಂದ ಈ ಪೋಸ್ಟ್.
ನಂಜನ ಹತ್ತಿರ ರೋಹಿಣಿ ಡೀಲಕ್ಸ್ ರಿಪೇರಿ ಮಾಡಿಸಿದವರು ಇಲ್ಲಿ ಎಷ್ಟೋ ಜನ ಇದ್ದೀರಿ.
ಬರೀ ಹೂವಿನ ಎಮೋಜಿ ಹಾಕಿ ಹೋಗಬೇಡಿ. ದಯವಿಟ್ಟು.
ಅಟ್ಟದಿಂದ ಇಳಿಸಿ. ತಂತಿ ಸಡಿಲ ಮಾಡಿ. ಸ್ಕ್ರೂ ಬಿಚ್ಚಿ.
ಒರೆಸಬೇಡಿ, ಉಜ್ಜಬೇಡಿ... ಫೋಟೋ ತೆಗೆದು ನನಗೆ ಕಳಿಸಿ.
ಮಾರಿದ್ದರೆ ಯಾರಿಗೆ ಮಾರಿದಿರಿ ಎಂದಾದರೂ ಹೇಳಿ. ಎಲ್ಲ ಸೇರಿಸಿ ಬರೆಯುವ ಕೆಲಸ ನನ್ನದು.
ಜೆ.ಪಿ. ನಗರದ ಸಾರ್, ಕ್ಷಮಿಸಿ... ಈ ಗಿಟಾರ್ ಮಾರಾಟಕ್ಕಿಲ್ಲ.

ಆ ಕೊನೆಯ ಸಾಲು...
ಉಳಿದದ್ದೆಲ್ಲ ಮಾಸಿದೆ, ಇದೊಂದು ಮಾತ್ರ ಹೊಸ ಪೆನ್ಸಿಲ್ ಗುರುತು. ಎರಡು ತಿಂಗಳ ಹಿಂದಿನ ಸರ್ವಿಸ್‌ನಲ್ಲಿ ಬರೆದದ್ದು. ನಾನಿನ್ನೂ ಬಾಯಿ ತೆರೆಯುವ ಮೊದಲೇ.

"ಬೈಬೇಡ ಮಗಾ. ಬರ್ದಿದೀನಿ."

ಓದಿದೆ ಕಣೋ...
ಎರಡು ತಿಂಗಳು ತಡವಾಗಿ ಓದಿದೆ.
ಹೋಗಿ ಬಾ ನಂಜ. ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ... ಇನ್ನು ಬೈಯುವುದಿಲ್ಲ.