ಬಿಳಿ ಬೋಟಿನ ಆಯುಧಪೂಜೆ

ಕಪಿಲೆ ಕಾವೇರಿಯನ್ನು ಕೂಡುವಲ್ಲಿ ಚಾಮಯ್ಯ ತೆಪ್ಪ ಹಾಕುತ್ತಿದ್ದ ಕಾಲಕ್ಕೆ, ಮಗಳು ನಾಗರತ್ನ ಅದರೊಳಗೇ ಮಲಗಿ ನಿದ್ದೆ ಮಾಡಿ ಬೆಳೆದವಳು. ಪಿಯುಸಿ ಮುಗಿಸಿ ನಂಜನಗೂಡಿನ ಕಾರ್ಖಾನೆಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋದಳು. ಬಸ್ಸು ಸೇತುವೆ ದಾಟುವಾಗಲೆಲ್ಲ ಕಿಟಕಿಯಲ್ಲಿ ಕುತ್ತಿಗೆ ಚಾಚಿ ಹೊಳೆ ನೋಡುತ್ತಿದ್ದಳು. ನರಸೀಪುರದ ಹೊಳೆದಂಡೆಯ ರೆಸಾರ್ಟಿನವರು ಮೋಟಾರು ಯಾಟ್ ತಂದು, ನಡೆಸಲು ಜನ ಬೇಕು ಎಂದಾಗ ಮೊದಲು ಹೋಗಿ ನಿಂತವಳು ಅವಳೇ. ಮಂಗಳೂರಿಗೆ ಹೋಗಿ ತರಬೇತಿ ಪಡೆದು ಬಂದಳು.

ಊರವರ ಬಾಯಲ್ಲಿ ಅದು ಬಿಳಿ ಬೋಟು. ಎಂಜಿನ್ನು ಇರುವುದು ಹಿಂಭಾಗದಲ್ಲಿ, ನೆಲದ ಮುಚ್ಚಳದ ಕೆಳಗೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹೊರಗೆ ಹೋಗದೆ ತಳದಲ್ಲೇ ಕೂತಿರುತ್ತದೆ. ಒಂದು ಕಿಡಿ ಸಾಕು. ಅದಕ್ಕೇ ಕೀಲಿ ತಿರುಗಿಸುವ ಮೊದಲು ಬ್ಲೋವರ್ ಫ್ಯಾನು ಹಾಕಿ, ಆವಿಯನ್ನೆಲ್ಲ ಹಿಂಬದಿಯ ಜಾಲರಿಯಿಂದ ಆಚೆ ಊದಿಸಬೇಕು. ಆಮೇಲೆ ಮುಚ್ಚಳ ತೆಗೆದು ಮೂಸಿ ನೋಡಬೇಕು.

“ನನ್ ತೆಪ್ಪಕ್ಕೆ ಇಂಗೆ ಒಟ್ಟೆ ಉಬ್ಬರ ಇರ್ಲಿಲ್ಲ ಕಣವ್ವ,” ಎಂದು ಚಾಮಯ್ಯ ನಗುತ್ತಿದ್ದ.

“ತೂತು ಬಿದ್ರೆ ಚೊಂಬಲ್ಲಿ ನೀರು ಮೊಗೀತಿದ್ದೆ, ನೀನೇನ್ ಯೋಳ್ತೀಯ, ಸುಮ್ನಿರಪ್ಪ!” ಎನ್ನುತ್ತಿದ್ದಳು ನಾಗರತ್ನ.

ಆಯುಧಪೂಜೆಯ ಬೆಳಿಗ್ಗೆ ಪೆಟ್ರೋಲ್ ತುಂಬಿಸಿ, ಬೋಟು ತೊಳೆದು, ಬಾಳೆಕಂದು ಕಟ್ಟಿದಳು. ಚೆಂಡುಹೂವಿನ ದಪ್ಪ ಹಾರವನ್ನು ಹಿಂಬದಿಗೆ ಎರಡು ಸುತ್ತು ಬಿಗಿದಳು. ಅಪ್ಪ ಬಿಳಿ ಪಂಚೆ ಉಟ್ಟು, ಆರತಿ ತಟ್ಟೆಯನ್ನು ಎಂಜಿನ್ ಮುಚ್ಚಳದ ಮೇಲಿಟ್ಟು ಕೂತ. ದಂಡೆಯಲ್ಲಿ ಪ್ರವಾಸಿಗರು ಫೋನು ಹಿಡಿದು ಕಾಯುತ್ತಿದ್ದರು.

“ಬೇಗ ಮುಗ್ಸಮ್ಮ, ಗೆಸ್ಟ್‌ಗಳು ಬಿಸಿಲಲ್ಲಿ ನಿಂತವ್ರೆ,” ಎಂದ ರೆಸಾರ್ಟಿನ ಮ್ಯಾನೇಜರ್ ಅಮೃತೇಶ್.

ನಾಗರತ್ನ ಬ್ಲೋವರ್ ಹಾಕಿದಳು. ಅದು ದಿನದಂತೆಯೇ ಗುಂಯ್ ಎಂದಿತು. ಮೂಸಿ ನೋಡಬೇಕೆಂದರೆ ಪೂಜೆಯ ಸಾಮಾನೆಲ್ಲ ಮುಚ್ಚಳದ ಮೇಲಿತ್ತು. ಸದ್ದು ಬರುತ್ತಿದೆಯಲ್ಲ ಎಂದುಕೊಂಡಳು.

“ಅಚ್ಲೇನವ್ವ?” ಚಾಮಯ್ಯ ತಟ್ಟೆಯ ಕರ್ಪೂರ ತೋರಿಸಿ ಬೆಂಕಿಪೊಟ್ಟಣ ತೆಗೆದ.

“ಅಚ್ಚಪ್ಪ.”

ಮೊದಲ ಕಡ್ಡಿ ಥಂಡಿ ಹಿಡಿದಿತ್ತು. ಗೀರುತ್ತಲೇ ಮದ್ದು ಉದುರಿತು. ಚಾಮಯ್ಯ ಗೊಣಗುತ್ತ ಇನ್ನೊಂದು ಕಡ್ಡಿ ತೆಗೆದ. ಆಗ ನಾಗರತ್ನಳ ಕಣ್ಣು ಹಿಂದಕ್ಕೆ ಹೋಯಿತು. ಜಾಲರಿಯ ಮೇಲೆ ಬಿಗಿದಿದ್ದ ಹಾರ ಅಲ್ಲಾಡುತ್ತಿರಲಿಲ್ಲ. ಬ್ಲೋವರ್ ಊದುತ್ತಿದ್ದರೆ ಎಸಳುಗಳು ನಡುಗಬೇಕಿತ್ತು. ಒಂದೆಸಳೂ ನಡುಗಲಿಲ್ಲ. ಹೂವು ಜಾಲರಿಗೆ ಬಿರಡೆಯಂತೆ ಕೂತಿತ್ತು.

ಕಡ್ಡಿ ಪೊಟ್ಟಣಕ್ಕೆ ತಾಗುವಷ್ಟರಲ್ಲಿ ಅವಳು ಅಪ್ಪನ ಕೈಗೆ ಬಲವಾಗಿ ಹೊಡೆದಳು. ಪೊಟ್ಟಣ ಹೊಳೆಗೆ ಹಾರಿತು. ತಟ್ಟೆ ಉರುಳಿತು, ಕುಂಕುಮ ಬಿಳಿ ನೆಲದ ಮೇಲೆಲ್ಲ ಚೆಲ್ಲಿತು. ದಂಡೆಯ ಮೇಲೆ ಯಾರೋ “ಅಯ್ಯೋ!” ಎಂದರು.

“ಥೂ! ಅಬ್ಬದ ದಿನ ಆರ್ತಿ ತಟ್ಟೆ ಚೆಲ್ಬುಟ್ಯಲ್ಲೇ!” ಚಾಮಯ್ಯ ಬೈಯುತ್ತ ಎದ್ದ.

 ಕಿಡಿ ಹಾರೀತೆಂದು ಬ್ಲೋವರಿನ ಸ್ವಿಚ್ಚನ್ನೂ ಮುಟ್ಟದೆ ಅವಳು ಅಪ್ಪನ ರಟ್ಟೆ ಹಿಡಿದು ದಂಡೆಗೆ ಎಳೆದು ತಂದು, ಎಲ್ಲರಿಗೂ ಹಿಂದೆ ಸರಿಯುವಂತೆ ಕೈಬೀಸಿದಳು. ಒಬ್ಬಳೇ ಮರಳಿ ಹೋಗಿ ಮುಚ್ಚಳ ಎತ್ತಿದಳು. ವಾಸನೆ ಮುಖಕ್ಕೆ ಬಡಿಯಿತು. ತಳದಲ್ಲಿ, ಕೊಳವೆಯ ಸಂದಿನಿಂದ ಜಿನುಗಿದ ಪೆಟ್ರೋಲು ಬೆಳಕಿಗೆ ಬಣ್ಣ ಬಣ್ಣವಾಗಿ ಹೊಳೆಯುತ್ತಿತ್ತು.

ಗಾಳಿ ಆ ವಾಸನೆಯನ್ನು ದಂಡೆಯ ಮೆಟ್ಟಿಲವರೆಗೂ ತಂದಿತು. ಬೈಯುತ್ತಿದ್ದ ಚಾಮಯ್ಯ ಥಟ್ಟನೆ ನಿಂತ. ತಾನು ಕೂತಿದ್ದ ಜಾಗವನ್ನು ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

ನಾಗರತ್ನ ಬಂದು ಮೆಟ್ಟಿಲ ಮೇಲೆ ಕೂತು, ಜಾಲರಿಯನ್ನು ಮುಚ್ಚಿದ್ದ ಹಾರದತ್ತ ಅಪ್ಪನಿಗೆ ಕೈ ತೋರಿಸಿದಳು.

“ಯಾರವ್ವ ಅಲ್ಲಿಗೆ ಊವ ಕಟ್ಟಿದ್ದು?”

“ನಾನೇ ಕಣಪ್ಪ. ಅಚ್ಚು ಅಂದೋಳೂ ನಾನೇ.”

ಅಮೃತೇಶ್ ಹತ್ತಿರ ಬಂದ. “ಏನಾಯ್ತು? ಒಂದು ಹತ್ತು ನಿಮಿಷ ಬಿಟ್ಟು ಹೊರಡಬೋದಾ?”

ಅವಳು ಬೋಟಿನತ್ತ ನೋಡಿ ತಲೆ ಅಲ್ಲಾಡಿಸಿದಳು.

“ಇವತ್ತು ಬೋಟು ಓಗಕಿಲ್ಲ ಸಾ,” ಎಂದ ಚಾಮಯ್ಯ. “ಡ್ರೈವರಮ್ಮ ಯೋಳೋಗಂಟ ಯಾರೂ ಅತ್ತಿರಕ್ಕೂ ಓಗ್ಬ್ಯಾಡಿ.”

ಅಷ್ಟು ಹೇಳಿ ಮಗಳ ಪಕ್ಕ ಕೂತ. ಪೊಟ್ಟಣ ಹಾರಿಸಿದ ಅವಳ ಕೈ ತೊಡೆಯ ಮೇಲಿತ್ತು. ಅದನ್ನು ತನ್ನೆರಡು ಕೈಗಳ ನಡುವೆ ಹಿಡಿದುಕೊಂಡ.