ಫಕ್ಕೀರಪ್ಪ ಕಾಕಾರ ಪಕ್ಕದ ಸೀಟು

ಶಿರಹಟ್ಟಿ ಬಸ್ಸು ಎಷ್ಟೇ ತುಂಬಿರಲಿ, ಫಕ್ಕೀರಪ್ಪ ಕಾಕಾರ ಪಕ್ಕದ ಸೀಟು ಮಾತ್ರ ಖಾಲಿ. ಅದೇನು ಊರು ಕೊಟ್ಟ ಮರ್ಯಾದೆಯಲ್ಲ. ಅವರ ಕಾಲಬುಡದಲ್ಲಿ ಕೋಳಿ ಗೊಬ್ಬರದ ಚೀಲ ಇರುತ್ತಿತ್ತು. ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಟಿಕೆಟ್ ಕೊಡುತ್ತಿದ್ದ. ಕಾಕಾ ಮಹಾರಾಜರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು.

ಕಾಕಾ ನಮ್ಮ ಹೊಲದ ನೆರೆಯವರು. ಸೊರಗಿದ ಬೆಳೆ ಕಂಡರೆ ಹೇಳದೆ ಕೇಳದೆ ಒಳನುಗ್ಗಿ ಗಿಡ ಕಿತ್ತು ಬೇರು ನೋಡುವುದು ಅವರ ಚಾಳಿ. ನನ್ನ ಬದನೆಗೂ ಆ ಭಾಗ್ಯ ಬಂತು. ಬೇರಿನ ತುಂಬ ಗಂಟು.

"ನೋಡವಾ, ಬೇರಿನ್ಯಾಗ ಹುಳಾ ಸಂಸಾರ ಹೂಡ್ಯಾವ. ನೀ ನೀರು ಹಾಕಿ ಅವುಕ್ಕ ಬಾಣಂತನ ಮಾಡಾಕತ್ತಿ."

"ಹುಳಾ ಎಲ್ಲದಾವರಿ ಕಾಕಾ? ಕಾಣವಲ್ಲವು."

"ಕಣ್ಣಿಗೆ ಕಂಡಿದ್ರ ನಾ ಯಾಕ ಬೇಕಾಗಿತ್ತು? ಕೋಳಿ ಗೊಬ್ಬರದ ಘಾಟಿಗೆ ಸಾಯ್ತಾವ. ಆದ್ರ ಸಸಿ ಹಚ್ಚೂಕಿಂತ ಮೊದಲ ಹಾಕಿ, ನೀರು ಬಿಟ್ಟು, ಘಾಟು ಹೋಗೂತನಾ ತಡೀಬೇಕು. ಗಡಿಬಿಡಿ ಮಾಡಿದ್ರ ಗಿಡಾನೂ ಹೋಗ್ತಾವ."

ತಡೆಯುವ ಉಪದೇಶವೆಲ್ಲ ಪರರಿಗೆ. ತಮ್ಮ ಹೊಲದಲ್ಲಿ ಬೆಳೆದು ನಿಂತ ಬದನೆಯ ಬುಡಕ್ಕೇ ಹಸಿ ಗೊಬ್ಬರ ಸುರಿದರು. ವಾರದೊಳಗೆ ಗಿಡಗಳೆಲ್ಲ ಸುಟ್ಟುಹೋದವು. ಕಾಕಾ ಒಂದನ್ನು ಕಿತ್ತು ನನ್ನ ಮುಂದೆ ಹಿಡಿದರು.

"ಹುಳಾ ಸತ್ತಾವೋ ಇಲ್ಲೋ?"

"ಸತ್ತಾವರಿ. ಬದನಿನೂ ಅವುಗಳ ಜೋಡಿ ಹೋತು."

"ಅದನ್ನ ಬಿಡು. ಔಷಧ ಖರೆ ಐತಿಲ್ಲೋ?"

ಎರಡು ಸಲ ಬದನೆ ನನಗೆ ಕೈಕೊಟ್ಟಿತ್ತು. ಇನ್ನೊಮ್ಮೆ ಹೋದರೆ ಹೊಲವನ್ನು ಬೇರೆಯವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟುಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಹೊಲ ಬಿಟ್ಟು ಮನೆಯಲ್ಲಿ ಕೂರುವುದೆಂದರೆ ನನಗೆ ನಿಜಕ್ಕೂ ಭಯ. ಹಾಗಾಗಿ ಕಾಕಾ ಮಾಡಿದ್ದನ್ನು ಬಿಟ್ಟು, ಹೇಳಿದ್ದನ್ನು ಮಾಡಿದೆ. ಗೊಬ್ಬರ ಹಾಕಿ, ನೀರು ಬಿಟ್ಟು ಕಾದೆ. ಕಾಕಾ ದಿನಾ ಬಂದು ಹಿಡಿ ಮಣ್ಣು ಮೂಸಿ, "ಇನ್ನೂ ಘಾಟೈತಿ, ತಡಿ" ಎಂದು ಹೋಗುತ್ತಿದ್ದರು. ಕೊನೆಗೊಂದು ದಿನ, "ಹಚ್ಚವಾ" ಎಂದರು.

ಗಿಡ ಹೂ ಬಿಡುವ ಹೊತ್ತಿಗೆ ಬಸ್ಸಿನಲ್ಲಿ ಸಿಕ್ಕರು. ಗದಗಿನ ದವಾಖಾನೆಗೆ ಹೊರಟಿದ್ದರು. ಬಿಳೀ ಧೋತರ, ಚೀಲವಿಲ್ಲ, ಮುಖ ಇಳಿದಿತ್ತು. ಪಕ್ಕದಲ್ಲಿ ಯಾರೋ ಅವರ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ.

"ಚೀಲ ಇಲ್ಲಂದ್ರ ಜನ ಹೆಂಗ ಮೈಮ್ಯಾಲೆ ಬೀಳ್ತಾರ ನೋಡವಾ," ಎಂದರು. ಆಮೇಲೆ ಮೆಲ್ಲಗೆ, "ಬೇರು ನೋಡಿದೇನು?"

"ಇಲ್ಲರಿ. ಕೀಳಾಕ ಅಂಜಿಕಿ."

"ನಾ ಬಂದು ಕೀಳ್ತೇನಿ, ತಡಿ."

ದವಾಖಾನೆಯಿಂದ ಅವರು ತಿರುಗಿ ಬರಲಿಲ್ಲ. ತಡೆಯುವಷ್ಟು ತಡೆದು ನಾನೇ ಒಂದು ಗಿಡ ಕಿತ್ತೆ. ಬಿಳೀ ಬೇರು, ಹುಡುಕಿದರೆ ಒಂದೆರಡು ಗಂಟು. ಹೊಲ ಉಳಿಯಿತು. "ನಾ ಹೇಳಿರಲಿಲ್ಲಾ?" ಎಂದು ಜಂಬ ಕೊಚ್ಚಲು ಅವರಿಲ್ಲವಲ್ಲ ಎಂದು ಬದುವಿನ ಮೇಲೆ ಕೂತು ಅತ್ತೆ.

ಹೋದ ವಾರ ಶಿರಹಟ್ಟಿಯಿಂದ ಕೋಳಿ ಗೊಬ್ಬರದ ಚೀಲ ತಂದೆ. ಬಸ್ಸು ತುಂಬಿ ಜನ ಜೋತಾಡುತ್ತಿದ್ದರು. ನನ್ನ ಪಕ್ಕದ ಸೀಟು ಊರು ಬರುವ ತನಕ ಖಾಲಿಯೇ ಇತ್ತು.