ಹಮೀದನ ಯಂತ್ರ ಹಿಡಿದಿಟ್ಟ ಸ್ವರಗಳು

ಚಾವಡಿಯಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಅಷ್ಟರೊಳಗೆ ಹೊರಟ ಉದ್ದೇಶವೇ ಆವಿಯಾಗಿ, ಉಪ್ಪಿನ ಭರಣಿಯನ್ನು ತತ್ತ್ವಜ್ಞಾನಿಯ ಗಾಂಭೀರ್ಯದಿಂದ ದಿಟ್ಟಿಸುತ್ತ ನಿಲ್ಲುವುದು ಇತ್ತೀಚೆಗೆ ನನ್ನ ನಿತ್ಯಕರ್ಮವಾಗಿದೆ. ನಿಮಗೂ ಹೀಗಾಗುವುದುಂಟಾದರೆ ಸಂಕೋಚ ಬೇಡ. ಬನ್ನಿ, ಬೆಳ್ಳಾರೆಯ ಹಮೀದನ ಪರಿಚಯ ಮಾಡಿಸುತ್ತೇನೆ.

ಎಂಬತ್ತರ ದಶಕದ ಆರಂಭದಲ್ಲಿ ಹಮೀದ ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಗಲ್ಫಿನಲ್ಲಿದ್ದ ಅಣ್ಣ ಕಳಿಸಿದ ಹಳೆಯ ಪತ್ರಿಕೆಯೊಂದರ ನಕ್ಷೆ ನೋಡಿ, ಹಲಸಿನ ಹಲಗೆಯ ಮೇಲೆ ವಿದ್ಯುತ್ತಿನಿಂದ ಸ್ವರ ಹೊರಡಿಸುವ ಒಂದು ಸಿಂಥಸೈಸರ್ ಕಟ್ಟಿದ್ದ: ಬಿಡಿಬಿಡಿ ಪೆಟ್ಟಿಗೆಗಳು, ಅವನ್ನು ಜೋಡಿಸುವ ಬಣ್ಣದ ವಯರುಗಳು, ಮುಂದೆ ಮುರುಕು ಹಾರ್ಮೋನಿಯಂನಿಂದ ಕಿತ್ತ ಕೀಗಳು. ಕೀ ಒತ್ತಿದರೆ ಅದಕ್ಕೆ ತಕ್ಕಷ್ಟು ವೋಲ್ಟೇಜು ಹರಿದು ಸ್ವರ ಹುಟ್ಟುತ್ತಿತ್ತು. ಆದರೆ ಒಮ್ಮೆಗೆ ಒಂದೇ. ಪಂಚಮ ಒತ್ತಿದೊಡನೆ ಷಡ್ಜ ಮಾಯ. ನನ್ನಂತೆಯೇ ಅದಕ್ಕೂ ಹಿಂದಿನದು ನೆನಪಿರುತ್ತಿರಲಿಲ್ಲ.

ಅದಕ್ಕವನು ಮೂರು ‘ಸ್ಯಾಂಪಲ್ ಆಂಡ್ ಹೋಲ್ಡ್’ ಸರ್ಕ್ಯೂಟುಗಳನ್ನು, ಒಂದೊಂದಕ್ಕೂ ಒಂದು ಸ್ವರದ ಪೆಟ್ಟಿಗೆಯೊಡನೆ, ಸೇರಿಸಿದ. ಕೀಯ ಜೊತೆಗೆ ಅದರ ಗುಂಡಿ ಒತ್ತಿದ ಕ್ಷಣದ ವೋಲ್ಟೇಜನ್ನು ಪುಟ್ಟ ಕೆಪಾಸಿಟರೊಂದು ಹಿಡಿದಿಟ್ಟುಕೊಳ್ಳುತ್ತದೆ; ಬೆರಳು ಮುಂದಿನ ಕೀಗೆ ಹೋದರೂ ಹಿಂದಿನ ಸ್ವರ ನಿಲ್ಲುವುದಿಲ್ಲ. ಷಡ್ಜ, ಪಂಚಮ, ಮೇಲಿನ ಷಡ್ಜ ಮೂರೂ ಒಟ್ಟಿಗೆ ಮೊಳಗಿದಾಗ, ವಿಜ್ಞಾನದ ಮೇಷ್ಟರಾಗಿಯೂ ಬ್ಯಾಟರಿಗೆ ಎರಡು ತುದಿಗಳೆಂಬ ಜ್ಞಾನದಾಚೆಗೆ ದಾಟದಿದ್ದ ನಾನು ಬಾಯಿ ತೆರೆದು ನಿಂತೆ.

ನಮ್ಮ ಶಾಲೆಯ ಸಂಗೀತದ ಸರೋಜಿನಿ ಟೀಚರಿಗೆ ಆ ವರ್ಷ ಪಾರ್ಶ್ವವಾಯು ಬಡಿದು ಎಡಗೈ ಸೋತಿತ್ತು. ಶ್ರುತಿಪೆಟ್ಟಿಗೆಯ ತಿದಿ ಒತ್ತಲಾಗುತ್ತಿರಲಿಲ್ಲ. ಆಗಸ್ಟ್ ಹದಿನೈದರಂದು ಮಕ್ಕಳನ್ನು ಸರಿಯಾಗಿ ಹಾಡಿಸಿದರೆ ಮಾತ್ರ ಸಂಗೀತದ ಕ್ಲಾಸು ಮುಂದುವರಿಯುತ್ತದೆ ಎಂದು ಮುಖ್ಯೋಪಾಧ್ಯಾಯರು ಹೇಳಿಬಿಟ್ಟಿದ್ದರು. ಟೀಚರನ್ನು ಹಮೀದನ ಅಂಗಡಿಗೆ ಕರೆದೊಯ್ದವನು ನಾನೇ. ಪ್ರತಿ ಮಗುವಿನ ಕಂಠಕ್ಕೆ ತಕ್ಕ ಶ್ರುತಿಯನ್ನು ಮೂರೇ ಒತ್ತಿನಲ್ಲಿ ಹಿಡಿದಿಡುವ ಆ ಯಂತ್ರದ ಮುಂದೆ ಅವರ ಕಣ್ಣು ತುಂಬಿತು.

ಆಗಸ್ಟ್ ಹದಿನೈದರ ಬೆಳಿಗ್ಗೆ ಶಾಲೆಯಲ್ಲಿ ಜೋಡಿಸಿ ನೋಡಿದರೆ ಸ್ವರಗಳು ಮೆಲ್ಲಮೆಲ್ಲಗೆ ಇಳಿಯುತ್ತಿವೆ! ಬೆಸುಗೆ ಹಿಡಿಯಲೆಂದು ಹಚ್ಚುವ ಪೇಟೆಯ ರಾಳ ಮುಗಿದಾಗ ಹಮೀದ ಕಾಡಿನ ಧೂಪದ ಮರದ ಅಂಟನ್ನು ಬಳಸಿದ್ದ. ಆಟಿ ತಿಂಗಳ ಮಳೆಯ ತೇವಕ್ಕೆ ಅದು ಬೆವರಿ, ಕೆಪಾಸಿಟರು ಹಿಡಿದಿಟ್ಟದ್ದೆಲ್ಲ ಸೋರತೊಡಗಿತ್ತು. ಕಳಚಿ ತೊಳೆಯಲು ಹೊತ್ತಿರಲಿಲ್ಲ.

“ಟೀಚರಿಗೆ ಹೇಳ್ಬೇಡಿ ಮಾಷ್ಟ್ರೆ, ಅವ್ರು ಹೆದರ್ತಾರೆ,” ಎಂದು ಅವನು ಯಂತ್ರದೊಡನೆ ವೇದಿಕೆಯ ಪರದೆಯ ಹಿಂದೆ ಕುಳಿತ.

ಮುಕ್ಕಾಲು ಗಂಟೆ ಅವನ ಬೆರಳುಗಳಿಗೆ ವಿರಾಮವಿರಲಿಲ್ಲ. ಇಳಿದದ್ದು ಕಿವಿಗೆ ತಿಳಿಯುವ ಮೊದಲೇ ಷಡ್ಜವನ್ನು ಮತ್ತೆ ಒತ್ತಿ ಹಿಡಿಸುವುದು, ಪಂಚಮವನ್ನು ಹಿಡಿಸುವುದು, ಮೇಲಿನ ಷಡ್ಜವನ್ನು ಹಿಡಿಸುವುದು, ಪುನಃ ಮೊದಲಿನಿಂದ. ನಾನು ತಂದಿಟ್ಟ ಚಹಾ ತಣಿದು ಕೆನೆಗಟ್ಟಿತು. ಕೊನೆಗೆ ಐವರ್ನಾಡಿನ ಹುಡುಗಿಯೊಬ್ಬಳು ಶ್ರುತಿ ಬಿಡದೆ ಹಾಡಿ ಮುಗಿಸಿದಾಗ ಮೊದಲು ಚಪ್ಪಾಳೆ ತಟ್ಟಿದವರು ಮುಖ್ಯೋಪಾಧ್ಯಾಯರೇ. ಸಂಗೀತದ ಕ್ಲಾಸು ಉಳಿಯಿತು.

“ಎಂತ ಗಟ್ಟಿ ಮಿಶಿನ್ ಮಾರಾಯ! ಒಂಚೂರು ಅಲುಗಲಿಲ್ಲ,” ಎಂದರು ಟೀಚರು. ಹಮೀದ ನಕ್ಕು, ಕೆಂಪಾಗಿದ್ದ ಬೆರಳುಗಳನ್ನು ಲುಂಗಿಯ ಮಡಿಕೆಯಲ್ಲಿ ಅಡಗಿಸಿದ.

ಆಮೇಲೆ ನಾನು ಅವನನ್ನು ಮನಸಾರೆ ಹೊಗಳಿದೆ. “ಅದು ಇಳಿಯುದು ಇಳಿದೇ ಇಳಿತದೆ ಮಾಷ್ಟ್ರೆ. ನಾವು ಪುನಃ ಪುನಃ ಒತ್ತುದು, ಅಷ್ಟೆ,” ಎಂದ. ನನ್ನ ವೃತ್ತಿಜೀವನದಲ್ಲಿ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕೇಳಿಲ್ಲ, ಮಾಡಿಯೂ ಇಲ್ಲ.

ನಿನ್ನೆಯೂ ಭರಣಿಯ ಮುಂದೆ ನಿಂತಿದ್ದೆ. ಮೊದಲಾದರೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ. ಈಗ ಸುಮ್ಮನೆ ಚಾವಡಿಗೆ ಮರಳಿದೆ.

“ಎಂತ, ಬರಿಗೈಯಲ್ಲಿ ಬಂದ್ರಾ?” ಎಂದಳು ಅಂಗೈಯಲ್ಲಿ ಮಾತ್ರೆ ಹಿಡಿದು ಕುಳಿತಿದ್ದ ಹೆಂಡತಿ.

“ಪುನಃ ಹೋಗ್ತೇನೆ,” ಎಂದೆ. ಹನ್ನೆರಡು ಹೆಜ್ಜೆಗೂ ‘ನೀರು, ನೀರು’ ಎಂದುಕೊಳ್ಳುತ್ತ ಹೋಗಿ, ಅವಳಿಗೆ ಒಂದು ಲೋಟ ಬಿಸಿನೀರು ತಂದುಕೊಟ್ಟೆ.